ಕಡಲು ದಾಟಿದ ಬ್ಲೇರಿಯೊ

ಫ್ರಾನ್ಸಿನ ಕ್ಯಾಲೆಗೂ ಇಂಗ್ಲೆಂಡಿನ ಡೋವರಿಗೂ ನಡುವಣ ಕಡಲನ್ನು ವಿಮಾನದಲ್ಲಿ ಮೊದಲು ದಾಟಿದವನು ಲೂಯಿ ಬ್ಲೇರಿಯೊ. ಅವನು ಹಾರಿದ ದೂರ ಸುಮಾರು 37 ಕಿಲೋಮೀಟರು. ಬಿಳಿಗೆರೆಯ ಕಡೆಯವರಿಗೆ ತಿಳಿಯುವಂತೆ ಹೇಳುವುದಾದರೆ, ತಿಪಟೂರಿನಿಂದ ತುಮಕೂರಿಗೆ ಹೋಗುವ ಹಾದಿಯ ಅರ್ಧದಷ್ಟು.

1872ರಲ್ಲಿ ಕಾಂಬ್ರೆ ನಗರದಲ್ಲಿ ಜನಿಸಿದ ಬ್ಲೇರಿಯೊ ಎಂಜಿನಿಯರನಾಗಿ, ಮೋಟಾರು ಗಾಡಿಗಳ ದೀಪಗಳನ್ನು ತಯಾರಿಸಿ ಧನವಂತನಾದನು. ಆ ಧನವೆಲ್ಲವೂ ವಿಮಾನಗಳಿಗೆ ವೆಚ್ಚವಾಯಿತು. ಒಂದು ಮುರಿದರೆ ಮತ್ತೊಂದನ್ನು ಕಟ್ಟುವನು. ಬೀಳುವುದು ಅವನಿಗೆ ವಾಡಿಕೆಯೇ ಆಗಿಹೋಗಿತ್ತು.

ಕಡಲನ್ನು ಹಾರಿ ದಾಟಿದವರಿಗೆ ಡೈಲಿ ಮೇಲ್ ಪತ್ರಿಕೆಯು 1000 ಪೌಂಡುಗಳ ಬಹುಮಾನವನ್ನು ಸಾರಿತ್ತು. 1909ರ ಜುಲೈ 19ರಂದು ಲೇಥಮ್ ಎಂಬಾತನು ಹೊರಟು, ಎಂಜಿನು ನಿಂತುದರಿಂದ ನೀರಿಗೆ ಇಳಿಯಬೇಕಾಯಿತು. ಜುಲೈ 25ರ ಸೂರ್ಯೋದಯಕ್ಕೆ ಬ್ಲೇರಿಯೊ ಮೇಲೇರಿದನು. ಕಾಲಿಗೆ ಸುಟ್ಟ ಗಾಯವಾಗಿ ಅವನು ಊರುಗೋಲು ಹಿಡಿದು ನಡೆಯುತ್ತಿದ್ದ ದಿನಗಳವು! ವಿಮಾನದ ಎಂಜಿನು ಕೇವಲ 25 ಅಶ್ವಶಕ್ತಿಯದು, ದಿಕ್ಸೂಚಿಯೂ ಇರಲಿಲ್ಲ. ಬೆಂಗಾವಲಿನ ಹಡಗು ಹಿಂದುಳಿದ ಮೇಲೆ ಸುಮಾರು 10 ನಿಮಿಷ ಯಾವ ದಡವೂ ಕಾಣಲಿಲ್ಲ. ಕೊನೆಗೆ ಇಂಗ್ಲೆಂಡಿನ ತೀರ ಗೋಚರಿಸಿತು. ಆದರೆ ಗಾಳಿಯು ಅವನನ್ನು ದಾರಿಯಿಂದ ದೂರ ತಳ್ಳಿತ್ತು. ತೀರದ ಗುಂಟ ತಿರುಗಿ ಬಂದು ಡೋವರ್ ಕೋಟೆಯ ಬಳಿ ನೆಲಕ್ಕಿಳಿದಾಗ ವಿಮಾನದ ಪಂಖವೂ ಚಕ್ರಗಳ ಚೌಕಟ್ಟೂ ಮುರಿದವು. ಕಳೆದ ಕಾಲ ಸುಮಾರು 37 ನಿಮಿಷ.

ಅದೇ ಮಾದರಿಯ ವಿಮಾನಗಳಿಗೆ ಬಳಿಕ ಬೇಡಿಕೆಯು ಹರಿದುಬಂದಿತು. 1919ರಲ್ಲಿ ಲಂಡನ್ ಮತ್ತು ಪ್ಯಾರಿಸ್ ನಗರಗಳ ನಡುವೆ ಪ್ರಯಾಣಿಕರ ವಿಮಾನಗಳು ದಿನವೂ ಈ ಕಡಲನ್ನು ದಾಟತೊಡಗಿದವು. 1936ರಲ್ಲಿ ತೀರಿಕೊಂಡ ಬ್ಲೇರಿಯೊ ಅದನ್ನೂ ಕಣ್ಣಾರೆ ಕಂಡಿದ್ದನು.