ಕಪ್ಪು ಪೆಟ್ಟಿಗೆ ಕಪ್ಪಲ್ಲ! ಅದನ್ನು ಕೊಟ್ಟ ಡೇವಿಡ್ ವಾರೆನ್ ಯಾರು?

ವಿಮಾನ ಅಪಘಾತವಾದಾಗಲೆಲ್ಲ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಕಪ್ಪು ಪೆಟ್ಟಿಗೆ ಸಿಕ್ಕಿತೇ? ಹೆಸರು ಕಪ್ಪಾದರೂ ಅದರ ಬಣ್ಣ ಗಾಢ ಕಿತ್ತಳೆ. ಅವಶೇಷಗಳ ನಡುವೆ ಬೇಗ ಕಣ್ಣಿಗೆ ಬೀಳಲಿ ಎಂದೇ ಈ ಬಣ್ಣ. ಇದರ ಹಿಂದಿರುವುದು ಆಸ್ಟ್ರೇಲಿಯಾದ ಸರ್ಕಾರಿ ಪ್ರಯೋಗಾಲಯವೊಂದರ ರಸಾಯನ ವಿಜ್ಞಾನಿ.

ಡೇವಿಡ್ ವಾರೆನ್ ಹುಟ್ಟಿದ್ದು 1925ರಲ್ಲಿ, ಆಸ್ಟ್ರೇಲಿಯಾದ ಉತ್ತರ ಕರಾವಳಿಯಾಚೆಯ ದ್ವೀಪವೊಂದರಲ್ಲಿ. ತಂದೆ ಕ್ರೈಸ್ತ ಮಿಷನರಿ. 1934ರಲ್ಲಿ ಅವರಿದ್ದ ‘ಮಿಸ್ ಹೋಬಾರ್ಟ್’ ವಿಮಾನ ಬಾಸ್ ಜಲಸಂಧಿಯ ಮೇಲೆ ಕಣ್ಮರೆಯಾಯಿತು. ಅದರಲ್ಲಿದ್ದ 12 ಮಂದಿಯಲ್ಲಿ ಯಾರೂ ಉಳಿಯಲಿಲ್ಲ. ವಿಮಾನ ಬಿದ್ದದ್ದೇಕೆ ಎಂಬುದು ಖಚಿತವಾಗಿ ತಿಳಿಯಲೇ ಇಲ್ಲ. ಆಗ ಡೇವಿಡ್‌ಗೆ ಒಂಬತ್ತು ವರ್ಷ. ತಂದೆ ಕೊನೆಯದಾಗಿ ಕೊಟ್ಟ ಉಡುಗೊರೆ ಒಂದು ಕ್ರಿಸ್ಟಲ್ ರೇಡಿಯೊ. ಅಲ್ಲಿಂದ ಹುಡುಗನಿಗೆ ಎಲೆಕ್ಟ್ರಾನಿಕ್ಸ್ ಗೀಳು ಹಿಡಿಯಿತು.

ಆದರೆ ಓದಿದ್ದು ರಸಾಯನ ವಿಜ್ಞಾನ. 1952ರಲ್ಲಿ ಮೆಲ್ಬರ್ನ್‌ನ ಏರೋನಾಟಿಕಲ್ ರಿಸರ್ಚ್ ಲ್ಯಾಬೊರೇಟರೀಸ್ ಸೇರಿದರು. ಇದು ಮುಂದೆ ಆಸ್ಟ್ರೇಲಿಯಾದ ರಕ್ಷಣಾ ಸಂಶೋಧನಾ ಸಂಸ್ಥೆಯ ಭಾಗವಾಯಿತು. ವಾರೆನ್ ಅಲ್ಲಿ ಇಂಧನ ತಜ್ಞ.

ಅದೇ ಹೊತ್ತಿಗೆ ಜಗತ್ತಿನ ಮೊದಲ ಪ್ರಯಾಣಿಕ ಜೆಟ್ ‘ಕಾಮೆಟ್’ ಒಂದರ ಹಿಂದೊಂದು ಅಪಘಾತಕ್ಕೀಡಾಯಿತು. ಕಾರಣ ಹುಡುಕುವ ಸಭೆಗಳಲ್ಲಿ ವಾರೆನ್ ಕೂಡ ಇದ್ದರು. ತಜ್ಞರ ಕೈಯಲ್ಲಿ ಊಹೆಗಳಷ್ಟೇ ಇದ್ದವು. ವಸ್ತುಪ್ರದರ್ಶನವೊಂದರಲ್ಲಿ ಕಂಡಿದ್ದ, ಜೇಬಿನಲ್ಲಿ ಹಿಡಿಸುವಷ್ಟು ಪುಟ್ಟ ಧ್ವನಿಮುದ್ರಣ ಯಂತ್ರ ಅವರಿಗೆ ನೆನಪಾಯಿತು. ಅಂಥದ್ದೊಂದು ಕಾಕ್‌ಪಿಟ್‌ನಲ್ಲಿದ್ದು, ಅಪಘಾತದಲ್ಲೂ ಉಳಿದಿದ್ದರೆ?

1954ರಲ್ಲಿ ವರದಿ ಬರೆದರು. ಯಾರೂ ಆಸಕ್ತಿ ತೋರಲಿಲ್ಲ. ಕೆಲವೇ ವರ್ಷಗಳಲ್ಲಿ ಮಾದರಿಯನ್ನೇ ತಯಾರಿಸಿದರು. ಅದು ನಾಲ್ಕು ಗಂಟೆಗಳ ಮಾತನ್ನೂ ಉಪಕರಣಗಳ ಅಳತೆಗಳನ್ನೂ ಉಕ್ಕಿನ ತಂತಿಯ ಮೇಲೆ ದಾಖಲಿಸುತ್ತಿತ್ತು. ಅಳತೆಗಳನ್ನು ದಾಖಲಿಸುವ ಯಂತ್ರಗಳು ಬೇರೆ ದೇಶಗಳಲ್ಲಿ ಮೊದಲೇ ಇದ್ದವು. ಪೈಲಟ್‌ಗಳ ಮಾತನ್ನೂ ಜೊತೆಗೆ ಸೇರಿಸಿದ್ದು ವಾರೆನ್ ಹೊಸತನ.

ಅಡ್ಡಿಯಾದದ್ದೂ ಅದೇ. ತಮ್ಮ ಮಾತನ್ನು ಯಂತ್ರ ಕದ್ದು ಕೇಳುತ್ತದೆ ಎಂದು ಪೈಲಟ್‌ಗಳ ಸಂಘ ವಿರೋಧಿಸಿತು. ನಾಗರಿಕ ವಿಮಾನಗಳಿಗೆ ಸದ್ಯಕ್ಕೆ ಇದರಿಂದ ಹೆಚ್ಚೇನೂ ಉಪಯೋಗವಿಲ್ಲವೆಂದು ವಿಮಾನಯಾನ ಇಲಾಖೆ ಕೈತೊಳೆದುಕೊಂಡಿತು.

1958ರಲ್ಲಿ ಪ್ರಯೋಗಾಲಯಕ್ಕೆ ಬಂದಿದ್ದ ಬ್ರಿಟನ್ನಿನ ಅಧಿಕಾರಿ ರಾಬರ್ಟ್ ಹಾರ್ಡಿಂಗ್‌ಹ್ಯಾಮ್ ಅದರ ಬೆಲೆ ಅರಿತರು. ವಾರೆನ್ ಮಾದರಿಯನ್ನು ಹಿಡಿದು ಇಂಗ್ಲೆಂಡಿಗೆ ಹೋದರು. ಪೆಟ್ಟಿಗೆ ಅಲ್ಲಿಯೇ ಮಾರುಕಟ್ಟೆಗೆ ಬಂತು. 1960ರಲ್ಲಿ ಕ್ವೀನ್ಸ್‌ಲ್ಯಾಂಡ್‌ನ ಮಕೈ ಬಳಿ ವಿಮಾನ ಸಮುದ್ರಕ್ಕೆ ಬಿದ್ದು 29 ಮಂದಿ ಸತ್ತ ಮೇಲೆ ಆಸ್ಟ್ರೇಲಿಯಾವೂ ಎಚ್ಚೆತ್ತಿತು. ಕಾಕ್‌ಪಿಟ್ ಧ್ವನಿಮುದ್ರಣವನ್ನು ಕಡ್ಡಾಯಗೊಳಿಸಿದ ಮೊದಲ ದೇಶವಾಯಿತು. ಆವಿಷ್ಕಾರದಿಂದ ವಾರೆನ್‌ಗೆ ರಾಯಲ್ಟಿ ಬರಲಿಲ್ಲ. ದೇಶದ ಗೌರವ ಸಿಕ್ಕಿದ್ದು 2002ರಲ್ಲಿ.

ಇಂದಿನ ಪೆಟ್ಟಿಗೆಯಲ್ಲಿ ತಂತಿಯಿಲ್ಲ, ಮೆಮೊರಿ ಚಿಪ್‌ಗಳಿವೆ. 1100 ಡಿಗ್ರಿ ಸೆಲ್ಸಿಯಸ್ ಬೆಂಕಿಯನ್ನು ಒಂದು ಗಂಟೆ ತಡೆಯುವ ಕವಚವಿದೆ. ಸಾಮಾನ್ಯವಾಗಿ ಇದನ್ನು ವಿಮಾನದ ಬಾಲದ ಕಡೆ ಇಡುತ್ತಾರೆ. ಅಪಘಾತದಲ್ಲಿ ಕಡಿಮೆ ಪೆಟ್ಟು ತಿನ್ನುವ ಜಾಗ ಅದು. ನೀರಿಗೆ ಬಿದ್ದರೆ ತಾನಿರುವ ಜಾಗ ತಿಳಿಸಲು ಶಬ್ದಸಂಕೇತ ಹೊರಡಿಸುತ್ತದೆ.

2010ರ ಮೇ 22ರಂದು ಮಂಗಳೂರಿನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಮರಿಗೆ ಬಿದ್ದು 158 ಮಂದಿ ಸತ್ತರು, ಎಂಟು ಮಂದಿ ಬದುಕಿದರು. ಇಳಿಯದೆ ಮತ್ತೆ ಮೇಲೇರುವಂತೆ ಸಹ-ಪೈಲಟ್ ಮೂರು ಬಾರಿ ಹೇಳಿದ್ದರೂ ಕ್ಯಾಪ್ಟನ್ ಇಳಿಸಲು ಹೋದರೆಂಬುದು ತನಿಖೆಯಲ್ಲಿ ಬಯಲಾಯಿತು. ಅದಕ್ಕೆ ಸಾಕ್ಷಿ ಹೇಳಿದ್ದು ಪೆಟ್ಟಿಗೆಯಲ್ಲಿ ಉಳಿದಿದ್ದ ಧ್ವನಿ.

ಆ ಅಪಘಾತವಾಗಿ ಎರಡು ತಿಂಗಳು ತುಂಬುವ ಮೊದಲೇ, ಜುಲೈ 19ರಂದು, ವಾರೆನ್ ತೀರಿಕೊಂಡರು. ತಮ್ಮ ತಂದೆಯ ಕೊನೆಯ ಪ್ರಯಾಣದಲ್ಲಿ ಏನಾಯಿತೆಂದು ಅವರಿಗೆ ಕೊನೆಗೂ ತಿಳಿಯಲಿಲ್ಲ. ಮಂಗಳೂರಿನ ಕುಟುಂಬಗಳಿಗೆ ತಿಳಿಯಿತು.