ತಾಯಿಗಾಗಿ ಬೆರಳಿನ ಮಾತು ಕಲಿತ ದೂರವಾಣಿ ಜನಕ

ದೂರವಾಣಿ ಎಂದೊಡನೆ ಶಾಲಾ ಮಕ್ಕಳೂ ಹೇಳುವ ಹೆಸರು ಅಲೆಕ್ಸಾಂಡರ್ ಗ್ರಹಾಂ ಬೆಲ್. ಮನುಷ್ಯನ ಧ್ವನಿಯನ್ನು ತಂತಿಯಲ್ಲಿ ಹರಿಸಿ ದೂರದವರನ್ನು ಹತ್ತಿರ ತಂದ ಈ ಸಂಶೋಧಕನ ತಾಯಿಗೆ ಕಿವಿ ತೀರಾ ಮಂದವಾಗಿತ್ತು. ಪತ್ನಿಗಂತೂ ಏನೂ ಕೇಳಿಸುತ್ತಿರಲಿಲ್ಲ. ದೂರವಾಣಿಯಿಂದ ಜಗತ್ಪ್ರಸಿದ್ಧರಾದ ಮೇಲೂ ಬೆಲ್ ತಮ್ಮನ್ನು ಕಿವುಡರ ಶಿಕ್ಷಕ ಎಂದೇ ಗುರುತಿಸಿಕೊಳ್ಳುತ್ತಿದ್ದರು.

ತಾಯಿಯೊಡನೆ ಮಾತನಾಡಲೆಂದು ಬಾಲ್ಯದಲ್ಲೇ ಬೆರಳಕ್ಷರ ಕಲಿತ ಈ ಮಗ, ಮುಂದೆ ಕಿವುಡ ಮಕ್ಕಳ ಶಾಲೆಗಳಲ್ಲಿ ಸನ್ನೆ ಭಾಷೆ ಬೇಡವೆಂದು ವಾದಿಸಿದ್ದು ಇತಿಹಾಸದ ವಿಪರ್ಯಾಸ. ಆ ವಾದದ ಮೂಲದಲ್ಲಿದ್ದ ಪ್ರಶ್ನೆ ಇಂದಿಗೂ ಹಳತಾಗಿಲ್ಲ. ಅಮೆರಿಕದ ಬಾಸ್ಟನ್ನಿನಲ್ಲಿರಲಿ, ನಮ್ಮ ಕೂಡ್ಲಿಗಿ, ಹಡಗಲಿಯಲ್ಲಿರಲಿ, ಮಗುವಿಗೆ ಕಿವಿ ಕೇಳಿಸದೆಂದು ತಿಳಿದ ದಿನ ತಂದೆ ತಾಯಿಗೆ ಅದೇ ಪ್ರಶ್ನೆ ಎದುರಾಗುತ್ತದೆ. ಮಗು ನಮ್ಮ ಮಾತು ಕಲಿಯಬೇಕೇ, ನಾವು ಮಗುವಿನ ಮಾತು ಕಲಿಯಬೇಕೇ?

ಎಡಿನ್‌ಬರೋದ ಮನೆ

ಬೆಲ್ ಜನಿಸಿದ್ದು 1847ರ ಮಾರ್ಚ್ 3ರಂದು, ಸ್ಕಾಟ್ಲೆಂಡ್‌ನ ಎಡಿನ್‌ಬರೋ ನಗರದಲ್ಲಿ. ಮಾತೇ ಆ ಮನೆತನದ ವೃತ್ತಿ. ತಾತ ಹಾಗೂ ತಂದೆ ಇಬ್ಬರೂ ಸ್ಪಷ್ಟ ಉಚ್ಚಾರಣೆ ಕಲಿಸುವ ಶಿಕ್ಷಕರು. ತಂದೆ ಅಲೆಕ್ಸಾಂಡರ್ ಮೆಲ್ವಿಲ್ ಬೆಲ್, ಯಾವುದೇ ಭಾಷೆಯ ಧ್ವನಿಯನ್ನು ಬಾಯಿ, ನಾಲಿಗೆ, ಗಂಟಲುಗಳ ಸ್ಥಾನ ಸೂಚಿಸುವ ಚಿಹ್ನೆಗಳಿಂದ ಬರೆಯುವ ಪದ್ಧತಿಯೊಂದನ್ನು ರೂಪಿಸಿ 1867ರಲ್ಲಿ ಪ್ರಕಟಿಸಿದರು.

ತಾಯಿ ಎಲೈಜಾ ಗ್ರೇಸ್ ಚಿತ್ರಕಲಾವಿದೆ. ಪಿಯಾನೊ ವಾದನದಲ್ಲೂ ಪರಿಣತೆ. ಶ್ರವಣಶಕ್ತಿ ಕುಂದಿದ್ದ ಅವರು ಕೊಳವೆಯಾಕಾರದ ಶ್ರವಣ ಸಾಧನ ಬಳಸುತ್ತಿದ್ದರು. ಮನೆಗೆ ಬಂದವರೆಲ್ಲ ಆ ಕೊಳವೆಯೊಳಗೆ ಗಟ್ಟಿಯಾಗಿ ಮಾತನಾಡಿದರೆ, ಮಗ ಅಲೆಕ್ಸಾಂಡರ್ ಬೇರೆಯೇ ದಾರಿ ಹಿಡಿದ. ತಾಯಿಯ ಹಣೆಯ ಸಮೀಪ ಮುಖವಿಟ್ಟು ತಗ್ಗಿದ ಸ್ಪಷ್ಟ ಸ್ವರದಲ್ಲಿ ಮಾತನಾಡುತ್ತಿದ್ದ. ಎರಡೂ ಕೈಗಳ ಬೆರಳುಗಳಿಂದ ಒಂದೊಂದೇ ಅಕ್ಷರ ತೋರಿಸುವ ಆಂಗ್ಲ ಬೆರಳಕ್ಷರವನ್ನೂ ಕಲಿತ. ಕುಟುಂಬದವರು ಹರಟೆಗೆ ಕುಳಿತಾಗ ತಾಯಿಯ ಪಕ್ಕದಲ್ಲಿದ್ದು, ಯಾರು ಏನು ಹೇಳಿದರೆಂದು ಬೆರಳುಗಳಲ್ಲೇ ತಿಳಿಸುತ್ತಿದ್ದ. ತುಂಬಿದ ಮನೆಯಲ್ಲಿ ತಾಯಿ ಒಂಟಿಯಾಗದಂತೆ ಕಾಯ್ದದ್ದು ಆ ಬಾಲಕನ ಬೆರಳುಗಳು.

ಬೆರಳಕ್ಷರ ಹಾಗೂ ಸನ್ನೆ ಭಾಷೆ ಒಂದೇ ಎಂದು ಭಾವಿಸುವವರುಂಟು. ಬೆರಳಕ್ಷರವು ಇಂಗ್ಲಿಷ್‌ನಂತಹ ಭಾಷೆಯ ಅಕ್ಷರಗಳನ್ನು ಕೈಯಲ್ಲಿ ಬರೆದು ತೋರಿಸುವ ಕ್ರಮ. ಸನ್ನೆ ಭಾಷೆಗಾದರೋ ತನ್ನದೇ ಪದಸಂಪತ್ತು, ತನ್ನದೇ ವ್ಯಾಕರಣ ಉಂಟು. ಬೆಲ್ ಬದುಕನ್ನು ಅರಿಯಲು ಈ ಭೇದ ಮುಖ್ಯ.

ಸಾವು, ವಲಸೆ, ಶಾಲೆ

ಕ್ಷಯರೋಗ ಆ ಮನೆಯನ್ನು ಕಾಡಿತು. 1867ರಲ್ಲಿ ತಮ್ಮ ಎಡ್ವರ್ಡ್, 1870ರಲ್ಲಿ ಅಣ್ಣ ಮೆಲ್ವಿಲ್ ತೀರಿಕೊಂಡರು. ಉಳಿದ ಒಬ್ಬ ಮಗನನ್ನಾದರೂ ಉಳಿಸಿಕೊಳ್ಳಲು ತಂದೆ ತಾಯಿ 1870ರಲ್ಲೇ ಕೆನಡಾಕ್ಕೆ ವಲಸೆ ಹೋದರು. ಮರುವರ್ಷ ಬೆಲ್ ಬಾಸ್ಟನ್ನಿನ ಕಿವುಡ ಮಕ್ಕಳ ಶಾಲೆಗೆ ಬಂದು, ತಂದೆಯ ಚಿಹ್ನೆಗಳ ಮೂಲಕ ಮಾತು ಕಲಿಸುವ ಬಗೆಯನ್ನು ಅಲ್ಲಿನ ಶಿಕ್ಷಕಿಯರಿಗೆ ತಿಳಿಸಿಕೊಟ್ಟರು. 1873ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು.

ಆ ದಿನಗಳ ಶಿಷ್ಯರಲ್ಲಿ ಇಬ್ಬರು ಅವರ ಬದುಕನ್ನೇ ತಿರುಗಿಸಿದರು. ಒಬ್ಬ, ಹುಟ್ಟಿನಿಂದಲೇ ಕಿವಿ ಕೇಳಿಸದ ಬಾಲಕ ಜಾರ್ಜ್ ಸ್ಯಾಂಡರ್ಸ್. ಅಕ್ಷರಗಳನ್ನು ಬರೆದ ಕೈಗವಸು ತೊಡಿಸಿ, ಆ ಅಕ್ಷರಗಳನ್ನು ಮುಟ್ಟುತ್ತ ಬೆಲ್ ಅವನೊಡನೆ ಸಂಭಾಷಿಸುತ್ತಿದ್ದರು. ಇನ್ನೊಬ್ಬರು ಮೇಬಲ್ ಹಬ್ಬರ್ಡ್. ಐದನೆಯ ವಯಸ್ಸಿನಲ್ಲಿ ಕೆಂಪುಜ್ವರಕ್ಕೆ ತುತ್ತಾಗಿ ಶ್ರವಣಶಕ್ತಿ ಕಳೆದುಕೊಂಡ ಮೇಬಲ್, ತುಟಿಗಳ ಚಲನೆ ನೋಡಿ ಮಾತು ಗ್ರಹಿಸುವುದರಲ್ಲಿ ಅಸಾಧಾರಣ ಸಾಮರ್ಥ್ಯ ಪಡೆದಿದ್ದರು. ಈ ಇಬ್ಬರ ತಂದೆಯರೇ ಬೆಲ್ ಪ್ರಯೋಗಗಳಿಗೆ ಹಣ ಒದಗಿಸಿದರು. 1876ರ ಮಾರ್ಚ್ 7ರಂದು ದೂರವಾಣಿಗೆ ಪೇಟೆಂಟ್ ದೊರೆಯಿತು. 1877ರ ಜುಲೈ 11ರಂದು ಮೇಬಲ್ ಅವರನ್ನು ವರಿಸಿದ ಬೆಲ್, ಹತ್ತು ಷೇರುಗಳನ್ನಷ್ಟೇ ಉಳಿಸಿಕೊಂಡು ಹೊಸ ಕಂಪೆನಿಯ ತಮ್ಮ ಪಾಲನ್ನೆಲ್ಲ ಪತ್ನಿಗೆ ಉಡುಗೊರೆಯಾಗಿ ನೀಡಿದರು. ಯಾವ ಯಂತ್ರದಿಂದ ಕುಟುಂಬಕ್ಕೆ ಸಿರಿ ಬಂದಿತೋ ಆ ಯಂತ್ರದ ಧ್ವನಿಯನ್ನು ಮೇಬಲ್ ಎಂದೂ ಕೇಳಲಿಲ್ಲ.

ಇಬ್ಬರು ಪುತ್ರರು, ಎರಡು ದಾರಿ

ಮೇಬಲ್ ಅವರ ಯಶಸ್ಸು ಬೆಲ್ ಅವರ ನಂಬಿಕೆಯನ್ನು ಗಟ್ಟಿಗೊಳಿಸಿತು. ಕಿವುಡ ಮಕ್ಕಳಿಗೆ ಬಾಯಿಮಾತನ್ನೇ ಕಲಿಸಬೇಕು, ಸನ್ನೆ ಭಾಷೆ ಅವರನ್ನು ಸಮಾಜದಿಂದ ಬೇರ್ಪಡಿಸುತ್ತದೆ ಎಂಬುದು ಅವರ ನಿಲುವು. ಮೇಬಲ್ ಮಾತ್ರ ಐದು ವರ್ಷ ಕಿವಿಯಿಂದ ಭಾಷೆ ಕೇಳಿ, ಮಾತು ಕಲಿತ ಬಳಿಕ ಶ್ರವಣ ಕಳೆದುಕೊಂಡವರು. ಮನೆಯಲ್ಲಿ ಹಣಕ್ಕೂ ಬೋಧಕರಿಗೂ ಕೊರತೆ ಇರಲಿಲ್ಲ. ಹುಟ್ಟಿನಿಂದ ಏನನ್ನೂ ಕೇಳದ ಬಡ ಮಗುವಿಗೆ ಆ ಅನುಕೂಲಗಳಿರುವುದಿಲ್ಲ.

ಅವರ ಪ್ರಮುಖ ಎದುರಾಳಿ ಎಡ್ವರ್ಡ್ ಮೈನರ್ ಗ್ಯಾಲಡೆಟ್. ಇವರ ತಾಯಿ ಸೋಫಿಯಾ ಅವರೂ ಕಿವುಡರು. ಆದರೆ ಗ್ಯಾಲಡೆಟ್ ಬೆಳೆದದ್ದು ಸನ್ನೆ ಭಾಷೆಯಾಡುವ ಮನೆಯಲ್ಲಿ. 1864ರಲ್ಲಿ ವಾಷಿಂಗ್ಟನ್‌ನಲ್ಲಿ ಕಿವುಡರ ಕಾಲೇಜಿಗೆ ಮೊದಲ ಮುಖ್ಯಸ್ಥರಾದ ಅವರು, ಮಾತನ್ನೂ ಸನ್ನೆಯನ್ನೂ ಕೂಡಿಸಿ ಕಲಿಸಬೇಕೆಂದರು. ಅದೇ ಸಂಸ್ಥೆ ಇಂದಿನ ಗ್ಯಾಲಡೆಟ್ ವಿಶ್ವವಿದ್ಯಾಲಯ. ಕಿವುಡ ತಾಯಂದಿರ ಈ ಇಬ್ಬರು ಪುತ್ರರು ವರ್ಷಗಳ ಕಾಲ ಸಭೆಗಳಲ್ಲೂ ಸರ್ಕಾರಿ ವಿಚಾರಣೆಗಳಲ್ಲೂ ಪರಸ್ಪರ ಎದುರಾದರು.

1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ ಶಿಕ್ಷಕರ ಅಂತರರಾಷ್ಟ್ರೀಯ ಸಮ್ಮೇಳನ ಬಾಯಿಮಾತಿನ ಪದ್ಧತಿಯೇ ಶ್ರೇಷ್ಠವೆಂದು ನಿರ್ಣಯಿಸಿತು. ಬೆಲ್ ಅಲ್ಲಿರಲಿಲ್ಲ, ಆದರೆ ಅಮೆರಿಕದಲ್ಲಿ ಆ ಪಕ್ಷಕ್ಕೆ ಅವರ ಕೀರ್ತಿಯ ಬಲ ದೊರೆಯಿತು. ಹಲವು ದೇಶಗಳ ಶಾಲೆಗಳಲ್ಲಿ ಮಕ್ಕಳ ಕೈಸನ್ನೆಗೆ ನಿಷೇಧ ಬಿದ್ದಿತು. ಕಿವುಡ ಶಿಕ್ಷಕರು ಕೆಲಸ ಕಳೆದುಕೊಂಡರು. ಆ ನಿರ್ಣಯಕ್ಕೆ ಅದೇ ಸಮ್ಮೇಳನದ ಪರಂಪರೆ ವಿಷಾದ ಸೂಚಿಸಿದ್ದು 130 ವರ್ಷಗಳ ಬಳಿಕ, 2010ರಲ್ಲಿ, ಕೆನಡಾದ ವ್ಯಾಂಕೂವರ್‌ನಲ್ಲಿ.

1883ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಮುಂದೆ ಬೆಲ್ ಮಂಡಿಸಿದ ಪ್ರಬಂಧ ಇನ್ನೂ ಕಟುವಾದುದು. ಕಿವುಡರು ಪರಸ್ಪರ ಮದುವೆಯಾದರೆ ಮಾನವರಲ್ಲಿ ಕಿವುಡ ಪ್ರಭೇದವೇ ಉಂಟಾದೀತೆಂದು ಅವರು ಶಂಕಿಸಿದರು. ಕಾನೂನಿನಿಂದ ಮದುವೆ ತಡೆಯಬೇಕೆಂದು ಒತ್ತಾಯಿಸದಿದ್ದರೂ, ವಸತಿ ಶಾಲೆ, ಸನ್ನೆ ಭಾಷೆ, ಕಿವುಡ ಶಿಕ್ಷಕರು ಇಲ್ಲದಂತಾದರೆ ಒಳಿತೆಂದರು. ಈ ಶಂಕೆಗೆ ಆಧಾರವಿರಲಿಲ್ಲ. ಶ್ರವಣದೋಷವುಳ್ಳ ಮಕ್ಕಳಲ್ಲಿ ಶೇ 90ಕ್ಕೂ ಹೆಚ್ಚು ಮಂದಿ ಹುಟ್ಟುವುದು ಕಿವಿ ಕೇಳಿಸುವ ತಂದೆ ತಾಯಿಗೇ.

ಇದೇ ಅಧ್ಯಯನಕ್ಕಾಗಿ ಬೆಲ್ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದ ವಂಶಾವಳಿಗಳನ್ನು ಜಾಲಾಡಿದ್ದರು. ಅಲ್ಲಿನ ಚಿಲ್‌ಮಾರ್ಕ್ ಊರಿನಲ್ಲಿ 19ನೇ ಶತಮಾನದಲ್ಲಿ ಸುಮಾರು 25 ಜನರಲ್ಲಿ ಒಬ್ಬರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಅದಕ್ಕೆ ಆ ಊರು ಕಂಡುಕೊಂಡ ಪರಿಹಾರ ಸರಳ: ಎಲ್ಲರೂ ಸನ್ನೆ ಭಾಷೆ ಕಲಿತರು. ಮೀನುಗಾರರು ದೋಣಿಯಿಂದ ದೋಣಿಗೆ, ನೆರೆಹೊರೆಯವರು ಅಂಗಡಿಯಲ್ಲಿ ಕೈಗಳಿಂದಲೇ ಮಾತನಾಡಿದರು. ಕಿವುಡರು ಕೃಷಿ, ಮದುವೆ, ಊರಿನ ಆಡಳಿತ ಎಲ್ಲದರಲ್ಲೂ ಸಮನಾಗಿ ಬೆರೆತರು. ವಂಶದ ಕಾರಣ ಹುಡುಕುತ್ತಿದ್ದ ಬೆಲ್ ಕಣ್ಣೆದುರಿಗಿದ್ದ ಈ ಪಾಠವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಹೆಲೆನ್ ಕೆಲ್ಲರ್ ಮನೆಯವರ ಭೇಟಿ

ಆದರೂ ಎದುರಿಗೆ ಮಗುವೊಂದು ನಿಂತಾಗ ಬೆಲ್ ವಾದ ಮರೆಯುತ್ತಿದ್ದರು. 1886ರಲ್ಲಿ ಅಲಬಾಮಾದಿಂದ ತಂದೆಯೊಬ್ಬರು ದೃಷ್ಟಿಯೂ ಶ್ರವಣವೂ ಇಲ್ಲದ ಆರು ವರ್ಷದ ಮಗಳನ್ನು ಅವರ ಬಳಿಗೆ ಕರೆತಂದರು. ಆಕೆಯೇ ಹೆಲೆನ್ ಕೆಲ್ಲರ್. ಮನೆಯವರೊಡನೆ ವ್ಯವಹರಿಸಲು ಆ ಬಾಲಕಿ ತಾನೇ ಸುಮಾರು ಅರವತ್ತು ಸನ್ನೆಗಳನ್ನು ಕಟ್ಟಿಕೊಂಡಿದ್ದಳು. ಹಸಿವು, ನೀರಡಿಕೆ ತಿಳಿಸಲು ಅವು ಸಾಕಾಗಿದ್ದವು. ಮನಸ್ಸಿನ ತಳಮಳ ಹೇಳಲು ಸಾಲದೆ ರೋಷವಾಗಿ ಸಿಡಿಯುತ್ತಿದ್ದಳು. ಬೆಲ್ ಆ ತಂದೆಗೆ ಪರ್ಕಿನ್ಸ್ ಅಂಧರ ಶಾಲೆಯ ದಾರಿ ತೋರಿಸಿದರು. ಅಲ್ಲಿಂದ ಆನ್ ಸಲಿವನ್ 1887ರ ಮಾರ್ಚ್ 3ರಂದು ಕೆಲ್ಲರ್ ಮನೆಗೆ ಬಂದು, ಅಂಗೈಯಲ್ಲಿ ಬೆರಳಕ್ಷರ ಮೂಡಿಸುತ್ತ ಭಾಷೆಯ ಬಾಗಿಲು ತೆರೆದರು. ಹೆಲೆನ್ ತಾಯಿಯೂ ಮಗಳಿಗಾಗಿ ಬೆರಳಕ್ಷರ ಕಲಿತರು. 1903ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯನ್ನು ಹೆಲೆನ್ ಅರ್ಪಿಸಿದ್ದು ಬೆಲ್ ಅವರಿಗೆ.

ಬೆಲ್ 1922ರ ಆಗಸ್ಟ್ 2ರಂದು ಕೆನಡಾದ ನೋವಾ ಸ್ಕಾಶಿಯಾದಲ್ಲಿ ನಿಧನರಾದರು. ಅಂತ್ಯಸಂಸ್ಕಾರದ ವೇಳೆ ಉತ್ತರ ಅಮೆರಿಕದ ದೂರವಾಣಿಗಳು ಒಂದು ನಿಮಿಷ ಸ್ತಬ್ಧವಾದವು. ಐದು ತಿಂಗಳ ಬಳಿಕ ಮೇಬಲ್ ಕೂಡ ತೀರಿಕೊಂಡರು.

ನಮ್ಮ ಮನೆಗಳಿಗೆ ಪಾಠ

ಸನ್ನೆ ಭಾಷೆ ಪರಿಪೂರ್ಣ ಭಾಷೆ ಎಂಬುದನ್ನು ಗ್ಯಾಲಡೆಟ್ ಕಾಲೇಜಿನ ಅಧ್ಯಾಪಕ ವಿಲಿಯಂ ಸ್ಟೋಕಿ 1960ರಲ್ಲಿ ಶಾಸ್ತ್ರೀಯವಾಗಿ ತೋರಿಸಿಕೊಟ್ಟರು. ಭಾರತದಲ್ಲಿ 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸನ್ನೆ ಭಾಷೆಯ ಸಂಶೋಧನೆ ಮತ್ತು ತರಬೇತಿ ಕೇಂದ್ರ ಸ್ಥಾಪನೆಯಾಯಿತು. ಅದು 2018ರಲ್ಲಿ 3,000 ಪದಗಳ ನಿಘಂಟು ಹೊರತಂದು, 2021ರ ವೇಳೆಗೆ ಅದನ್ನು 10,000 ಪದಗಳಿಗೆ ವಿಸ್ತರಿಸಿತು. ಕರ್ನಾಟಕದ ಪಾಲಿಗೆ 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ.

ಆದರೆ 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಹಳ್ಳಿಯಿಂದ ಮೈಸೂರು ತಲುಪಲು ಮುನ್ನೂರು ಕಿಲೋಮೀಟರ್‌ನಷ್ಟು ದಾರಿ ಸವೆಸಬೇಕು. ಮಳೆಯಾಶ್ರಿತ ಬೇಸಾಯದ ಕುಟುಂಬಕ್ಕೆ ಅದು ದಿನಗೂಲಿ ಕಳೆದುಕೊಳ್ಳುವ ಪ್ರಯಾಣ. ಮಗು ತಡವಾಗಿ ಮಾತನಾಡೀತೆಂದು ಕಾಯುವುದರಲ್ಲೇ ಅಮೂಲ್ಯ ವರ್ಷಗಳು ಕಳೆಯುತ್ತವೆ. ಹುಟ್ಟಿದ ತಿಂಗಳೊಳಗೆ ಶ್ರವಣ ತಪಾಸಣೆ, ಮೂರು ತಿಂಗಳೊಳಗೆ ದೋಷದ ಖಚಿತತೆ, ಆರು ತಿಂಗಳೊಳಗೆ ನೆರವು ಎಂಬುದು ತಜ್ಞರು ಒಪ್ಪಿದ ಗಡುವು. ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದ ಮನೆಗಳಲ್ಲಿ ವಂಶವಾಹಿ ಶ್ರವಣದೋಷದ ಸಾಧ್ಯತೆ ಹೆಚ್ಚಿರುವುದರಿಂದ ಈ ಎಚ್ಚರ ಇನ್ನೂ ಅಗತ್ಯ.

ಶ್ರವಣ ಸಾಧನ, ಕಾಕ್ಲಿಯರ್ ಇಂಪ್ಲಾಂಟ್ ಅನೇಕ ಮಕ್ಕಳಿಗೆ ಮಾತು ತಂದುಕೊಟ್ಟಿವೆ. ಅವು ಫಲಿಸುವವರೆಗೂ, ಫಲಿಸದಿದ್ದರೂ, ಮಗುವಿಗೆ ಭಾಷೆ ಬೇಕೇ ಬೇಕು. ಉಣ್ಣು, ಬಾ, ಮಲಗು ಎಂಬ ಮನೆಸನ್ನೆಗಳಲ್ಲಿ ಕಥೆ ಹೇಳಲಾಗದು, ಭಯ ತೋಡಿಕೊಳ್ಳಲಾಗದು, ಪಾಠ ಓದಲಾಗದು. ತಾಯಿಯೊಬ್ಬಳೇ ಕಲಿತರೂ ಸಾಲದು. ಅಜ್ಜಿ, ಅಪ್ಪ, ಅಕ್ಕ, ಚಿಕ್ಕಪ್ಪ ಎಲ್ಲರೂ ಕಲಿತಾಗ ಮಾತ್ರ ಮಗು ಮನೆಯ ಮಾತಿನೊಳಗೆ ಸೇರುತ್ತದೆ.

ಬೆಲ್ ತಮ್ಮ ಸಿದ್ಧಾಂತದಲ್ಲಿ ಎಡವಿರಬಹುದು. ತಾಯಿಯ ಪಕ್ಕದಲ್ಲಿ ಕುಳಿತ ಬಾಲಕನಾಗಿ ಅವರು ಮಾಡಿದ್ದು ಮಾತ್ರ ಸರಿಯಾಗಿತ್ತು. ಕೇಳಿಸದವರು ತಮ್ಮ ಕಡೆಗೆ ಬರಲೆಂದು ಕಾಯದೆ, ಕೇಳಿಸುವ ಮಗನೇ ಅವರ ಕಡೆಗೆ ನಡೆದಿದ್ದ.