ನಿಷೇಧದ ನಡುವೆ ಅರಳಿದ ಗಾನ: ವಿಲಿಯಂ ಬರ್ಡ್

ಅರಮನೆಯ ಪ್ರಾರ್ಥನಾಲಯದಲ್ಲಿ ಹಾಡಿ ಸಂಬಳ ಪಡೆಯುತ್ತಿದ್ದ ಸಂಗೀತಗಾರನೇ, ಅದೇ ಅರಮನೆ ನಿಷೇಧಿಸಿದ್ದ ಪೂಜೆಗೆ ಸಂಗೀತ ರಚಿಸಿದ. ಹದಿನಾರನೇ ಶತಮಾನದ ಇಂಗ್ಲೆಂಡಿನ ಶ್ರೇಷ್ಠ ಸಂಯೋಜಕ ವಿಲಿಯಂ ಬರ್ಡ್‌ನ ಬದುಕು ಈ ವೈರುಧ್ಯದಲ್ಲೇ ಸಾಗಿತು.

ಬರ್ಡ್ ಜನಿಸಿದ್ದು ಲಂಡನ್ನಿನಲ್ಲಿ, 1540ರ ಸುಮಾರಿಗೆ. 1563ರಲ್ಲಿ ಲಿಂಕನ್ ಕೆಥೆಡ್ರಲ್‌ನ ಆರ್ಗನ್ ವಾದಕನಾದ ಆತ 1572ರಲ್ಲಿ ರಾಣಿ ಒಂದನೇ ಎಲಿಜಬೆತ್‌ಳ ಆಸ್ಥಾನದ ಪ್ರಾರ್ಥನಾಲಯವಾದ ಚಾಪೆಲ್ ರಾಯಲ್‌ನ ಗಾಯನವೃಂದವನ್ನು ಸೇರಿದ. ಮೂರು ವರ್ಷಗಳಲ್ಲಿ ಆತನಿಗೂ ಹಿರಿಯ ಸಂಗೀತಗಾರ ಥಾಮಸ್ ಟ್ಯಾಲಿಸ್‌ಗೂ 21 ವರ್ಷಗಳ ಅವಧಿಗೆ ಸಂಗೀತ ಮುದ್ರಣದ ಏಕಸ್ವಾಮ್ಯ ದೊರೆಯಿತು. ಇಬ್ಬರೂ ಕೂಡಿ 34 ಲ್ಯಾಟಿನ್ ರಚನೆಗಳ ಸಂಪುಟವನ್ನು ರಾಣಿಗೆ ಅರ್ಪಿಸಿದರು.

ಆದರೆ ಬರ್ಡ್ ಕ್ಯಾಥೊಲಿಕ್ ಶ್ರದ್ಧೆಯನ್ನು ತೊರೆದಿರಲಿಲ್ಲ. ಪ್ರೊಟೆಸ್ಟೆಂಟ್ ಇಂಗ್ಲೆಂಡಿನಲ್ಲಿ 1559ರಿಂದಲೇ ಕ್ಯಾಥೊಲಿಕ್ ಬಲಿಪೂಜೆ ನಿಷಿದ್ಧವಾಗಿತ್ತು. 1581ರ ಕಾಯಿದೆಯಂತೆ ಅದರಲ್ಲಿ ಪಾಲ್ಗೊಂಡವರಿಗೆ ದಂಡದ ಜೊತೆಗೆ ಒಂದು ವರ್ಷ ಸೆರೆವಾಸ. ಸರಕಾರಿ ಚರ್ಚಿಗೆ ಹೋಗದವರಿಗೆ ತಿಂಗಳಿಗೆ 20 ಪೌಂಡ್ ದಂಡ. ಅದೇ ವರ್ಷ ಜೆಸುಯಿಟ್ ಪಾದ್ರಿ ಎಡ್ಮಂಡ್ ಕ್ಯಾಂಪಿಯನ್‌ಗೆ ಮರಣದಂಡನೆಯಾದಾಗ, ಆತನ ಸ್ಮರಣೆಯ ಕವಿತೆಗೆ ಬರ್ಡ್ ಸ್ವರ ಸಂಯೋಜಿಸಿದ. ಚರ್ಚಿಗೆ ಹೋಗದವರ ಪಟ್ಟಿಯಲ್ಲಿ ಬರ್ಡ್ ಮತ್ತು ಆತನ ಪತ್ನಿಯ ಹೆಸರು ಮತ್ತೆ ಮತ್ತೆ ಸೇರುತ್ತಿತ್ತು. ಆತನನ್ನು ಕಾಪಾಡಿದ್ದು ರಾಜಕೃಪೆಯೇ ಎಂಬುದು ಇತಿಹಾಸಕಾರರ ಅಭಿಪ್ರಾಯ.

1590ರ ದಶಕದ ಆರಂಭದಲ್ಲಿ ಬರ್ಡ್ ಎಸೆಕ್ಸ್ ಪ್ರಾಂತದ ಸ್ಟಾಂಡನ್ ಮ್ಯಾಸಿ ಗ್ರಾಮಕ್ಕೆ ಬಂದು ನೆಲೆಸಿದ. ಸಮೀಪದ ಇಂಗಟ್‌ಸ್ಟೋನ್‌ನಲ್ಲಿ ಆತನ ಪೋಷಕರಾದ ಪೀಟರ್ ಮನೆತನದ ಭವನವಿತ್ತು. ಇಂಥ ಕ್ಯಾಥೊಲಿಕ್ ಶ್ರೀಮಂತರ ಮನೆಗಳಲ್ಲಿ ಬಾಗಿಲು ಮುಚ್ಚಿ ಬಲಿಪೂಜೆ ಅರ್ಪಿಸಿ, ಪರಮಪ್ರಸಾದ ಹಂಚಲಾಗುತ್ತಿತ್ತು. 1592ರಿಂದ 1595ರೊಳಗೆ ಮುದ್ರಣವಾದ ಆತನ ಮೂರು 'ಮಾಸ್' ರಚನೆಗಳು ಇಂಥ ಸಭೆಗಳಿಗೇ ಹೊಂದುವಂಥವು. ಒಂದು ನಾಲ್ಕು ಕಂಠಗಳಿಗೆ, ಇನ್ನೊಂದು ಮೂರಕ್ಕೆ, ಮತ್ತೊಂದು ಐದಕ್ಕೆ. ದೊಡ್ಡ ಗಾಯನವೃಂದವಾಗಲಿ ಆರ್ಗನ್ ಆಗಲಿ ಬೇಕಿಲ್ಲ; ಕೆಲವೇ ಗಾಯಕರು ಸಾಕು. ಪುಸ್ತಕಗಳಿಗೆ ಮುಖಪುಟವಿಲ್ಲ, ಇಸವಿಯಿಲ್ಲ, ಮುದ್ರಕನ ಹೆಸರಿಲ್ಲ. ಆದರೂ ಪುಟಗಳ ಮೇಲೆ ಬರ್ಡ್ ತನ್ನ ಹೆಸರನ್ನು ಉಳಿಸಿಕೊಂಡ.

ನಾಲ್ಕು ಕಂಠಗಳ ಮಾಸ್‌ನ ಕೊನೆಯ ಭಾಗ 'ಆಗ್ನುಸ್ ದೇಯಿ'. ಪರಮಪ್ರಸಾದ ಸ್ವೀಕಾರಕ್ಕೆ ಮುನ್ನ ಹಾಡುವ ಈ ಪ್ರಾರ್ಥನೆ ಎರಡು ಕಂಠಗಳಲ್ಲಿ ಆರಂಭವಾಗಿ, ಮೂರಕ್ಕೆ ಬೆಳೆದು, ಕೊನೆಗೆ ನಾಲ್ಕೂ ಕಂಠಗಳನ್ನು ಒಳಗೊಳ್ಳುತ್ತದೆ. ಶಾಂತಿಯನ್ನು ಬೇಡುವ ಅಂತಿಮ ಪದಗಳಲ್ಲಿ ಒಂದು ಸ್ವರ ಮತ್ತೊಂದರೊಡನೆ ಘರ್ಷಿಸಿ, ತಡವಾಗಿ ನೆಲೆ ಕಾಣುತ್ತದೆ. ಭಯದಲ್ಲಿ ಬದುಕಿದ ಸಮುದಾಯವೊಂದರ ಮೊರೆಯನ್ನು ಅನೇಕ ಕೇಳುಗರು ಅದರಲ್ಲಿ ಗುರುತಿಸಿದ್ದಾರೆ.

ಹಾಗೆಂದು ಬರ್ಡ್ ರಾಜಸೇವೆಯನ್ನು ಅಲಕ್ಷಿಸಲಿಲ್ಲ. ಆಂಗ್ಲಿಕನ್ ಆರಾಧನೆಗಾಗಿ ಇಂಗ್ಲಿಷಿನಲ್ಲಿ ರಚಿಸಿದ 'ಗ್ರೇಟ್ ಸರ್ವಿಸ್' ಆ ಪರಂಪರೆಯ ಅಮೂಲ್ಯ ಆಸ್ತಿಯಾಗಿದೆ. 1605 ಮತ್ತು 1607ರಲ್ಲಿ ಆತ ಕ್ಯಾಥೊಲಿಕ್ ವರ್ಷದ ಹಬ್ಬಗಳಿಗಾಗಿ 'ಗ್ರಾಡುವಾಲಿಯಾ' ಎಂಬ ಎರಡು ಸಂಪುಟಗಳನ್ನು ಹೊರತಂದ. 1605ರ ನವೆಂಬರ್‌ನಲ್ಲಿ ಸಂಸತ್ತನ್ನು ಸ್ಫೋಟಿಸುವ ಸಂಚು ಬಯಲಾದ ಬಳಿಕ ಕ್ಯಾಥೊಲಿಕರ ಮೇಲಿನ ಸಂಶಯ ತೀವ್ರವಾಯಿತು. ಬರ್ಡ್‌ನ ಈ ಪುಸ್ತಕ ಇಟ್ಟುಕೊಂಡಿದ್ದ ಫ್ರೆಂಚ್ ಪ್ರಜೆಯೊಬ್ಬ ಲಂಡನ್ನಿನ ನ್ಯೂಗೇಟ್ ಸೆರೆಮನೆ ಸೇರಬೇಕಾಯಿತು.

1623ರ ಜುಲೈ 4ರಂದು ಬರ್ಡ್ ನಿಧನನಾದ. ಚಾಪೆಲ್ ರಾಯಲ್‌ನ ದಾಖಲೆ ಆತನನ್ನು ಸಂಗೀತದ ಪಿತಾಮಹನೆಂದು ಗೌರವಿಸಿತು. ಬಹುಕಾಲ ಮರೆಯಲ್ಲಿದ್ದ ಮಾಸ್ ರಚನೆಗಳು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಕೆಥೆಡ್ರಲ್‌ನಲ್ಲಿ ಮತ್ತೆ ಪೂಜೆಯ ಭಾಗವಾದವು. 2023ರ ಮೇ 6ರಂದು, ಆತನ ನಾಲ್ಕುನೂರನೇ ಪುಣ್ಯವರ್ಷದಲ್ಲಿ, ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಮೂರನೇ ಚಾರ್ಲ್ಸ್‌ನ ಪಟ್ಟಾಭಿಷೇಕ ನಡೆಯಿತು. ಪರಮಪ್ರಸಾದದ ಆರಾಧನೆಯನ್ನು ಒಳಗೊಂಡ ಆ ಸಮಾರಂಭದಲ್ಲಿ ನಾಲ್ಕು ಕಂಠಗಳ ಮಾಸ್‌ನ 'ಗ್ಲೋರಿಯಾ' ಮೊಳಗಿತು. ಒಂದು ಕಾಲಕ್ಕೆ ರಾಜಾಜ್ಞೆಗೆ ಅಂಜಿ ಗುಟ್ಟಾಗಿ ಹಾಡಬೇಕಿದ್ದ ಗಾನವನ್ನು ಅಂದು ಅರಸನೆದುರೇ ಹಾಡಲಾಯಿತು.